ಬ್ಯಾಟರಿ ಬರುವ ಮುಂಚೆ ವಿದ್ಯುತ್ ಹರಿಯುತ್ತದೆ ಅಂತ ಗೊತ್ತಾಗಿದ್ದು ಹೇಗೆ?

ಪ್ರಶ್ನೆ (ಹಳೇಮೈಸೂರು):
ವೋಲ್ಟಾ ಬ್ಯಾಟರಿ ಬಂದದ್ದು 1800ರಲ್ಲಿ, ಅದಕ್ಕೂ ಮೊದಲು ಇದ್ದದ್ದು ಗಾಜು, ಗಂಧಕ ಉಜ್ಜಿ ಪಡೆಯುವ ವಿದ್ಯುತ್ ಅಷ್ಟೇ ಅಲ್ವಾ? ಹಾಗಿದ್ದರೆ ಕೆಲವು ವಸ್ತುಗಳಲ್ಲಿ ಅದು ಹರಿಯುತ್ತದೆ, ಕೆಲವದರಲ್ಲಿ ಇಲ್ಲ ಅಂತ ಯಾರು ಕಂಡುಕೊಂಡರು? ಬಲ್ಬ್ ಇಲ್ಲ, ಮೀಟರ್ ಇಲ್ಲ.

ಕಡಲೂರಿನವ:
ಸ್ಟೀಫನ್ ಗ್ರೇ. ಇಂಗ್ಲೆಂಡಿನ ಕ್ಯಾಂಟರ್ಬರಿಯವರು, ಬಟ್ಟೆಗೆ ಬಣ್ಣ ಹಾಕುವ ಕಸುಬು. 1729ರಲ್ಲಿ ಗಾಜಿನ ಕೊಳವೆಯೊಳಗೆ ಧೂಳು ಹೋಗದಿರಲಿ ಅಂತ ಎರಡೂ ತುದಿಗೆ ಬಿರಡೆ ಹಾಕಿದ್ದರು. ಕೊಳವೆ ಉಜ್ಜಿದಾಗ ಹಕ್ಕಿಯ ಗರಿ ಬಿರಡೆಗೂ ಬಂದು ಅಂಟಿತು. ಬಿರಡೆಯನ್ನು ಯಾರೂ ಉಜ್ಜಿರಲಿಲ್ಲ! ಆಮೇಲೆ ಬಿರಡೆಗೆ ಕಡ್ಡಿ ಚುಚ್ಚಿ ತುದಿಗೆ ದಂತದ ಗುಂಡು ಸಿಕ್ಕಿಸಿದರು, ಅದಕ್ಕೂ ವಿದ್ಯುತ್ ಬಂತು. ಕಡ್ಡಿ ಬಿಟ್ಟು ದಾರ ಕಟ್ಟಿದರು, ಅದರಲ್ಲೂ ಬಂತು. ಹಿತ್ತಾಳೆಯ ತೆಳು ತಗಡಿನ ಚೂರು ಗುಂಡಿನ ಕಡೆಗೆ ಹಾರಿದರೆ ವಿದ್ಯುತ್ ತಲುಪಿದೆ ಅಂತ ಲೆಕ್ಕ. ಅವರ ಮೀಟರ್ ಅದೇ.

ತುಂಗಾತೀರ:
ನನಗೆ ತುಂಬಾ ಇಷ್ಟವಾದ ಭಾಗ ಇದರ ಮುಂದಿನದು. ದಾರವನ್ನು ಅಡ್ಡಲಾಗಿ ಎಳೆಯಲು ಮೇಲಿನ ತೊಲೆಗೆ ಮಾಮೂಲಿ ದಾರದಲ್ಲೇ ನೇತುಹಾಕಿದರು, ಏನೂ ಆಗಲಿಲ್ಲ, ವಿದ್ಯುತ್ ಎಲ್ಲಾ ತೊಲೆಗೆ ಹೋಯಿತು. ಗೆಳೆಯ ಗ್ರಾನ್ವಿಲ್ ವೀಲರ್, ರೇಷ್ಮೆ ಎಳೆಯಲ್ಲಿ ನೇತುಹಾಕೋಣ ಅಂದರು; ಅದು ಸಣ್ಣದು, ಸೋರುವುದು ಕಡಿಮೆ ಇರಬಹುದು ಅಂತ ಗ್ರೇ ಅಂದರು. ಹಾಗೇ ಮಾಡಿದರು, 80 ಅಡಿ ದೂರ ತಲುಪಿತು. ದಾರ ಇನ್ನೂ ಉದ್ದವಾದಾಗ ರೇಷ್ಮೆ ತುಂಡಾಯಿತು. ಅದರ ಬದಲು ಸಣ್ಣ, ಆದರೆ ಗಟ್ಟಿಯಾದ ಹಿತ್ತಾಳೆ ತಂತಿ ಕಟ್ಟಿದರು. ಗುಂಡಿನ ಹತ್ತಿರ ಒಂದು ಚೂರೂ ಅಲುಗಲಿಲ್ಲ! ಆಗ ಹೊಳೆಯಿತು: ವಿಷಯ ಇರುವುದು ದಪ್ಪದಲ್ಲಲ್ಲ, ಯಾವ ವಸ್ತು ಅನ್ನೋದರಲ್ಲಿ. ಅದೇ ಬೇಸಿಗೆಯಲ್ಲಿ 765 ಅಡಿವರೆಗೂ ಹೋದರು. ಅಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಸ್ಪಷ್ಟವಾದ ಉತ್ತರ ಪಡೆದದ್ದು ನಿಜಕ್ಕೂ ದೊಡ್ಡ ಸಾಧನೆ, ಶಾಲೆ ಪಾಠದಲ್ಲಿ ಮೊದಲು ಹೇಳಬೇಕಾದದ್ದೇ ಇದು.

ಹಳೇಮೈಸೂರು:
ಅದ್ಭುತ! ಆದರೆ ಒಣ ದಾರದಲ್ಲಿ ವಿದ್ಯುತ್ ಹರಿಯಬಾರದಲ್ವಾ?

ಕಡಲೂರಿನವ:
ಪೂರ್ತಿ ಒಣಗಿದ್ದರೆ ಕಷ್ಟ. ನಾರಿನ ದಾರ ಗಾಳಿಯ ತೇವ ಹೀರುತ್ತದೆ, ಉಜ್ಜಿದ ವಿದ್ಯುತ್ತಿಗೆ ಅಷ್ಟು ತೇವ ಸಾಕು. ಗ್ರೇ ಪ್ರಯೋಗ ಓದಿದ ಫ್ರಾನ್ಸಿನ ಡು ಫೇ 1733ರಲ್ಲಿ ದಾರವನ್ನು ಬೇಕಂತಲೇ ನೆನೆಸಿ 1256 ಅಡಿ ದೂರ ಕಳಿಸಿದರು.