ಸ್ಟೇಟಸ್ ಹಾಕುವ ವಿದ್ಯಾರ್ಥಿಗಳು ಗ್ರಾಮಸಭೆಗೆ ಏಕೆ ಬರುವುದಿಲ್ಲ?

ಜಮಖಂಡಿ ಮಾಸ್ತರ (ಪ್ರಶ್ನೆ)

ನಾನು ಬಾಗಲಕೋಟೆ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ ಕಬ್ಬಿಗೆ 3,500 ರೂಪಾಯಿ ದರ ಕೇಳಿ ಧರಣಿ ಕುಳಿತಿದ್ದಾಗ, ನನ್ನ ವಿದ್ಯಾರ್ಥಿಗಳಲ್ಲಿ ಅದರ ಬಗ್ಗೆ ಸ್ಟೇಟಸ್ ಹಾಕದವರೇ ಇರಲಿಲ್ಲ. ಸರ್ಕಾರ 3,300 ರೂಪಾಯಿ ಘೋಷಿಸಿದ ಸಂಜೆಯಂತೂ ಅವರ ಗುಂಪಿನಲ್ಲಿ ವಾದವೋ ವಾದ. ಆದರೆ ಕಳೆದ ವಾರ ‘ನಿಮ್ಮೂರ ಗ್ರಾಮಸಭೆಗೆ ಎಂದಾದರೂ ಹೋದವರು ಯಾರು?’ ಎಂದು ಕೇಳಿದಾಗ, ಅರವತ್ತು ಜನರ ತರಗತಿಯಲ್ಲಿ ಎರಡು ಕೈಗಳು ಮೇಲೆದ್ದವು. ಅವರಲ್ಲೊಬ್ಬ ತಂದೆ ಸದಸ್ಯರಾದ್ದರಿಂದ ಕುರ್ಚಿ ಹಾಕಲು ಹೋಗಿದ್ದನಂತೆ. 18 ತುಂಬಿದ ಹಲವರ ಹೆಸರು ಮತದಾರರ ಪಟ್ಟಿಯಲ್ಲೂ ಇಲ್ಲ. ಮೊಬೈಲಿನಲ್ಲಿ ಸಿಟ್ಟು ಹೊರಹಾಕಿದ ಮೇಲೆ ಬೀದಿಗೆ, ಸಭೆಗೆ ಬರುವ ಹುಮ್ಮಸ್ಸು ಇಂಗಿಹೋಗುತ್ತದೆಯೇ, ಅಥವಾ ಇದು ನನ್ನ ವಯಸ್ಸಿನವರ ಗೊಣಗಾಟವೇ? ಅನುಭವವಿದ್ದವರು ತಿಳಿಸಬೇಕೆಂದು ಕೋರುತ್ತೇನೆ.

ಗೋಕಾಕದ ನಿವೃತ್ತ

ಮಾಸ್ತರರೇ, 1982ರಲ್ಲಿ ನಾನು ಧಾರವಾಡದಲ್ಲಿ ಓದುತ್ತಿದ್ದೆ. ಗೋಕಾಕ ಚಳವಳಿಯ ಮೆರವಣಿಗೆಗಳಲ್ಲಿ ನಡೆದವನು. (ಆ ಚಳವಳಿಯ ಹೆಸರು ಬಂದದ್ದು ನಮ್ಮೂರಿನಿಂದಲ್ಲ, ಭಾಷಾ ವರದಿ ಕೊಟ್ಟ ವಿ.ಕೃ. ಗೋಕಾಕರಿಂದ, ಈ ಮಾತನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ.) ಆಗ ಸುದ್ದಿ ಹರಡಿದ್ದು ಕರಪತ್ರ, ಗೋಡೆ ಬರಹ ಮತ್ತು ಹಾಸ್ಟೆಲ್ಲಿನ ಹರಟೆಯಿಂದ. ಆದರೂ ನಮ್ಮನ್ನು ನಾವು ಹೊಗಳಿಕೊಳ್ಳುವುದು ಬೇಡ. ಘೋಷಣೆ ಕೂಗಿ ಗಂಟಲು ಕಟ್ಟಿಸಿಕೊಂಡ ನಮ್ಮಲ್ಲಿ ಊರಿಗೆ ಮರಳಿ ಪಂಚಾಯಿತಿಯ ಲೆಕ್ಕ ಕೇಳಿದವರು ಬೆರಳೆಣಿಕೆಯಷ್ಟು ಕೂಡ ಇರಲಿಲ್ಲ. ದೊಡ್ಡ ಹೋರಾಟಕ್ಕೆ ಓಗೊಡುವ ಹುರುಪು ಬೇರೆ, ಚರಂಡಿಯ ವಿಷಯಕ್ಕೆ ಮೂರು ತಾಸು ಕುಳಿತುಕೊಳ್ಳುವ ತಾಳ್ಮೆ ಬೇರೆ. ಎರಡನೆಯದು ಮೊಬೈಲ್ ಬರುವ ಮುಂಚೆಯೂ ಕಡಿಮೆಯೇ ಇತ್ತು.

ವಿಜಯಪುರದ ಸ್ನಾತಕೋತ್ತರ ವಿದ್ಯಾರ್ಥಿನಿ

ಸರ್, ಅಮೆರಿಕದಲ್ಲಿ ಕ್ಯಾಥಿ ಕೊಹೆನ್ ಮತ್ತು ಜೋಸೆಫ್ ಕಾಹ್ನೆ ಅವರು 15ರಿಂದ 25 ವರ್ಷದೊಳಗಿನ ಸುಮಾರು 3,000 ಜನರನ್ನು ಸಮೀಕ್ಷೆ ಮಾಡಿ 2012ರಲ್ಲಿ ವರದಿ ಪ್ರಕಟಿಸಿದ್ದಾರೆ. ಆಟ, ಹಾಡು, ಕ್ರೀಡೆ ಮುಂತಾದ ತಮ್ಮ ಆಸಕ್ತಿಗಾಗಿ ಆನ್‌ಲೈನ್ ಗುಂಪುಗಳಲ್ಲಿ ತೊಡಗಿದವರು ರಾಜಕೀಯ ಚಟುವಟಿಕೆಯಲ್ಲಿಯೂ ಹೆಚ್ಚು ತೊಡಗಿಕೊಂಡಿದ್ದರೆಂದು ಅದು ಹೇಳುತ್ತದೆ. ಇದರಿಂದ ಒಂದು ಇನ್ನೊಂದಕ್ಕೆ ಕಾರಣವೆಂದು ಸಿದ್ಧವಾಗುವುದಿಲ್ಲ. ಆದರೆ ಮೊಬೈಲ್ ಹುಮ್ಮಸ್ಸನ್ನು ಇಂಗಿಸುತ್ತದೆ ಎಂಬ ಮಾತಿಗೆ ಮಾತ್ರ ಅದರಲ್ಲಿ ಆಧಾರವಿಲ್ಲ. ಆನ್‌ಲೈನ್ ಸುದ್ದಿ ನಂಬಲರ್ಹವೇ ಎಂದು ತಿಳಿಯುವುದನ್ನು ಕಲಿತರೆ ತಮಗೆ ಅನುಕೂಲವೆಂದು ಅವರಲ್ಲಿ 84 ಶೇಕಡಾ ಜನ ಹೇಳಿದ್ದರು. 2018ರಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್ಆ್ಯಪ್ ವದಂತಿಯನ್ನು ನಂಬಿ ಬೀದರ್ ಜಿಲ್ಲೆಯಲ್ಲಿ ಗುಂಪೊಂದು ಒಬ್ಬ ಯುವಕನನ್ನು ಕೊಂದದ್ದನ್ನು ನೆನೆದರೆ, ನಮಗೂ ಆ ಪಾಠ ಮೊದಲು ಬೇಕೆನಿಸುತ್ತದೆ.

ಹುಡುಗಿಯರ ವಿಷಯವನ್ನು ತಾವು ಕೇಳಲಿಲ್ಲ. ನಮ್ಮೂರಲ್ಲಿ ಗ್ರಾಮಸಭೆ ನಡೆಯಿತೆಂಬುದು ನನಗೆ ತಿಳಿಯುವುದೇ ಅದರ ಫೋಟೊ ಗುಂಪಿಗೆ ಬಂದಾಗ. ಹೋದರೂ ‘ಯಾರ ಮಗಳು, ಯಾಕೆ ಬಂದಳು’ ಎಂಬ ಪ್ರಶ್ನೆ ನನಗಿಂತ ಮೊದಲು ಮನೆ ತಲುಪಿರುತ್ತದೆ. ಕಟ್ಟೆಯ ಮೇಲೆ ಕೂರಲಾಗದ ನನ್ನಂಥವರು ಊರಿನ ವಿಷಯ ಮಾತನಾಡುವ ಜಾಗ ಸದ್ಯಕ್ಕೆ ಮೊಬೈಲ್ ಒಂದೇ.

ಇಂಡಿ ಅರಿವು ಕೇಂದ್ರ

ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ನನ್ನಲ್ಲಿಗೆ ಬರುವ ಹುಡುಗರು ಶಾಲೆಯ ಹಾದಿಯಲ್ಲಿ ಕೆಟ್ಟುನಿಂತ ಮೂರು ಬೀದಿದೀಪಗಳ ಬಗ್ಗೆ ರೀಲ್ಸ್ ಮಾಡಿದರು. ನಮ್ಮೂರಿನ ಜನಸಂಖ್ಯೆಗಿಂತ ಹೆಚ್ಚು ಜನ ನೋಡಿದರು, ದೀಪ ಮಾತ್ರ ಹತ್ತಲಿಲ್ಲ. ಕಚೇರಿಯಲ್ಲಿ ವಿಚಾರಿಸಿದರೆ, ಲಿಖಿತ ಅರ್ಜಿಯೇ ಬಂದಿಲ್ಲವೆಂಬ ಉತ್ತರ ಬಂತು. ಅರ್ಜಿ ಬರೆಯಿರಿ ಎಂದೆ. ಪದವಿ ಓದುತ್ತಿರುವ ನಾಲ್ವರಲ್ಲಿ ಒಬ್ಬರಿಗೂ ಯಾರ ಹೆಸರಿಗೆ ಬರೆಯಬೇಕು, ಸ್ವೀಕೃತಿ ಹೇಗೆ ಪಡೆಯಬೇಕು ಎಂಬುದು ಗೊತ್ತಿರಲಿಲ್ಲ. ಮಾಸ್ತರರೇ, ತಾವು ಕೇಳಿದ ಕೊರತೆ ಹುಮ್ಮಸ್ಸಿನದಲ್ಲ, ಈ ಕಾಗದದ ಕೆಲಸದ್ದು.

ಅರ್ಜಿ ಕೊಟ್ಟರು. ತಿಂಗಳಾದರೂ ಸುಳಿವಿಲ್ಲದಾಗ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ದೀಪ ನಿರ್ವಹಣೆಯ ಖರ್ಚು ಕೇಳಿದರು. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದಗಳೊಳಗೆ; ರೀಲ್ಸ್‌ಗೆ ಶೀರ್ಷಿಕೆ ಬರೆದು ರೂಢಿಯಿದ್ದವರಿಗೆ ಅದೇನೂ ಕಷ್ಟವಾಗಲಿಲ್ಲ! ಉತ್ತರಕ್ಕೆ 30 ದಿನಗಳ ಗಡುವಿದೆ. ನಡುವೆ ವಾರ್ಡ್ ಸಭೆಯ ದಿನವನ್ನು ಅವರೇ ಸ್ಟೇಟಸ್ ಹಾಕಿ ತಿಳಿಸಿದರು. ಎಂದಿಗಿಂತ ಹೆಚ್ಚು ಜನ ಬಂದರು, ಬೇಡಿಕೆ ಠರಾವು ಪುಸ್ತಕದಲ್ಲಿ ದಾಖಲಾಯಿತು. ಈಗ ಎರಡು ದೀಪ ಹತ್ತಿವೆ. ಮೂರನೆಯದಕ್ಕೆ ಕಂಬವೇ ಬದಲಾಗಬೇಕಂತೆ.

ಮತದಾರರ ಪಟ್ಟಿಗೆ ಇನ್ನು ಜನವರಿ 1ಕ್ಕಾಗಿ ಕಾಯಬೇಕಾಗಿಲ್ಲ. 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ 1 ಕೂಡ ಅರ್ಹತಾ ದಿನಾಂಕಗಳು. 17 ತುಂಬಿದವರು ಮುಂಗಡವಾಗಿಯೇ ನಮೂನೆ 6 ಸಲ್ಲಿಸಬಹುದು. ಮೊಬೈಲಿನಲ್ಲೇ ಆಗುತ್ತದೆ.

ಜಮಖಂಡಿ ಮಾಸ್ತರ

ಎಲ್ಲರಿಗೂ ವಂದನೆಗಳು. ಗ್ರಾಮಸಭೆಯ ರಚನೆ, ಅಧಿಕಾರಗಳನ್ನು ಹತ್ತು ಅಂಕಗಳ ಪ್ರಶ್ನೆಯಾಗಿ ಪ್ರತಿವರ್ಷ ಕೇಳುವ ನಾನು, ಒಂದು ಅರ್ಜಿಯನ್ನೂ ತರಗತಿಯಲ್ಲಿ ಬರೆಸಿಲ್ಲ. ತಂಗಿ, ತಾವು ಹೇಳಿದ್ದು ನನ್ನ ಗಮನಕ್ಕೆ ಬಂದಿರಲಿಲ್ಲ. ಅಂದು ಎದ್ದ ಎರಡೂ ಕೈ ಹುಡುಗರವೇ ಆಗಿದ್ದವು. ಇಂಡಿಯವರೇ, ಆ ದೀಪದ ಅರ್ಜಿಯ ಪ್ರತಿಯನ್ನು ಹೆಸರುಗಳನ್ನು ಮರೆಮಾಡಿ ಇಲ್ಲಿ ಹಾಕಬಹುದೇ? ಸೋಮವಾರ ಎರಡನೇ ಅವಧಿ ಖಾಲಿ ಇದೆ.