ಹೆಬ್ಬೆರಳ ಬುಡದ ಗಂಟು (ಬನ್ಯನ್) ಆಪರೇಷನ್: ಖರ್ಚು ಹೇಗೆ ಲೆಕ್ಕ ಹಾಕೋದು, ಇನ್ಶೂರೆನ್ಸ್ ಯಾವುದಕ್ಕೆ ಕೊಡುತ್ತೆ?

ಪ್ರಶ್ನೆ: ಪಾದಚಾರಿ

ಅಮ್ಮನ ಬಲಗಾಲಿನ ಹೆಬ್ಬೆರಳು ಪಕ್ಕದ ಬೆರಳನ್ನು ಒತ್ತುವಷ್ಟು ವಾಲಿದೆ. ಬುಡದ ಗಂಟು ಚಪ್ಪಲಿಗೆ ಉಜ್ಜಿ ಕೆಂಪಾಗುತ್ತೆ, ನಡೆದರೆ ನೋವು. ಎರಡು ಕಡೆ ಎಸ್ಟಿಮೇಟ್ ಕೇಳಿದೆವು. ಒಂದರಲ್ಲಿ "ಸ್ಕಾರ್ಫ್ ಪ್ಲಸ್ ಏಕಿನ್" ಅಂತಿದೆ, ಇನ್ನೊಂದರಲ್ಲಿ "ಲ್ಯಾಪಿಡಸ್". ಎರಡನೆಯದರ ಮೊತ್ತ ಬಹಳ ಜಾಸ್ತಿ. ಇನ್ಶೂರೆನ್ಸ್‌ನವರು "ಕಾಸ್ಮೆಟಿಕ್ ಆದರೆ ಕೊಡಲ್ಲ" ಅಂತಷ್ಟೇ ಹೇಳುತ್ತಾರೆ. ದುಡ್ಡಿನ ವ್ಯತ್ಯಾಸ ಎಲ್ಲಿಂದ ಬರುತ್ತೆ? ಕ್ಲೈಮ್ ಪಾಸಾಗಲು ಯಾವ ಕಾಗದ ಬೇಕು?

ಉತ್ತರ: ಮೂಳೆವಿಭಾಗ

ಆ ಎರಡು ಎಸ್ಟಿಮೇಟ್‌ಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಲು ಬರುವುದಿಲ್ಲ, ಅವು ಬೇರೆ ಬೇರೆ ಆಪರೇಷನ್.

ಸ್ಕಾರ್ಫ್‌ನಲ್ಲಿ ಹೆಬ್ಬೆರಳ ಹಿಂದಿರುವ ಪಾದದ ಉದ್ದ ಮೂಳೆಯನ್ನು (ಮೊದಲ ಮೆಟಟಾರ್ಸಲ್) ಝಡ್ ಆಕಾರದಲ್ಲಿ ಕೊಯ್ದು, ಪಕ್ಕಕ್ಕೆ ಸರಿಸಿ, ಸಾಮಾನ್ಯವಾಗಿ ಎರಡು ಸಣ್ಣ ಸ್ಕ್ರೂ ಹಾಕುತ್ತಾರೆ. ಏಕಿನ್ ಅಂದರೆ ಬೆರಳಿನ ಮೂಳೆಯಿಂದಲೇ ಬೆಣೆಯಂಥ ಚೂರು ತೆಗೆದು ನೇರ ಮಾಡುವುದು, ಅದಕ್ಕೆ ಒಂದು ಸ್ಕ್ರೂ ಅಥವಾ ಸ್ಟೇಪಲ್ ಸಾಕು. ಲ್ಯಾಪಿಡಸ್‌ನಲ್ಲಿ ಮೆಟಟಾರ್ಸಲ್‌ನ ಹಿಂದಿನ ತುದಿಯ ಕೀಲನ್ನೇ ಬೆಸೆಯುತ್ತಾರೆ. ಅಲ್ಲಿ ಪ್ಲೇಟ್ ಬರುತ್ತೆ, ಸ್ಕ್ರೂ ಹೆಚ್ಚು, ಥಿಯೇಟರ್ ಸಮಯವೂ ಹೆಚ್ಚು. ನಿಮಗೆ ಕಂಡ ವ್ಯತ್ಯಾಸದ ದೊಡ್ಡ ಪಾಲು ಇಲ್ಲೇ ಇರುತ್ತೆ.

ಯಾವುದು ಬೇಕೆಂಬುದನ್ನು ಬೆಲೆ ನೋಡಿ ನಿರ್ಧರಿಸಬೇಡಿ. ಎಕ್ಸ್‌ರೇಯಲ್ಲಿ ಎರಡು ಕೋನ ಅಳೆಯುತ್ತಾರೆ. ಹೆಬ್ಬೆರಳು ವಾಲಿದ ಕೋನ 15 ಡಿಗ್ರಿಯೊಳಗಿದ್ದರೆ ಸಹಜ, 20ರಿಂದ 40 ಮಧ್ಯಮ, 40 ದಾಟಿದರೆ ತೀವ್ರ. ಮೊದಲ ಎರಡು ಮೆಟಟಾರ್ಸಲ್‌ಗಳ ನಡುವಿನ ಕೋನ ಸಹಜವಾಗಿ 9 ಡಿಗ್ರಿಯೊಳಗಿರುತ್ತೆ. ಈ ಎರಡನೆಯ ಕೋನ ತುಂಬ ಅಗಲವಾಗಿದ್ದರೆ, ಹಿಂದಿನ ಕೀಲು ಸಡಿಲವಿದ್ದರೆ, ಅಥವಾ ಒಮ್ಮೆ ಸರಿ ಮಾಡಿದ್ದು ಮರಳಿ ವಾಲಿದ್ದರೆ ಲ್ಯಾಪಿಡಸ್‌ಗೆ ಕಾರಣ ಇದೆ. ಗಂಟನ್ನಷ್ಟೇ ಕೆತ್ತಿ ತೆಗೆಯುವ ಅಗ್ಗದ ಆಪರೇಷನ್‌ಗೆ ಮಾತ್ರ ಒಪ್ಪಬೇಡಿ. ಮೂಳೆ ವಾಲಿದ ಹಾಗೇ ಉಳಿಯುವುದರಿಂದ ಗಂಟು ಮತ್ತೆ ಎದ್ದು ನಿಲ್ಲುತ್ತೆ.

ಎಸ್ಟಿಮೇಟನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ: ಸರ್ಜನ್, ಅನಸ್ತೇಷಿಯಾ, ಥಿಯೇಟರ್, ಸಿ-ಆರ್ಮ್ (ಥಿಯೇಟರಿನೊಳಗಿನ ಎಕ್ಸ್‌ರೇ ಯಂತ್ರ), ರೂಮ್, ಇಂಪ್ಲಾಂಟ್ (ಒಳಗೆ ಹಾಕುವ ಸ್ಕ್ರೂ, ಪ್ಲೇಟ್). ಇಂಪ್ಲಾಂಟ್ ಪ್ಯಾಕೇಜಿನೊಳಗೆ ಸೇರಿದೆಯೋ ಹೊರಗೋ ಅನ್ನುವುದೇ ಮುಖ್ಯ ಪ್ರಶ್ನೆ. ಎರಡನೇ ಬೆರಳು ಮಡಚಿಕೊಂಡಿದ್ದರೆ ಅದನ್ನೂ ಅದೇ ಸಲ ಸರಿ ಮಾಡಬಹುದು, ಅದರ ಚಾರ್ಜ್ ಸೇರಿದೆಯೇ ಕೇಳಿ. ಸಣ್ಣ ರಂಧ್ರದ ಮೂಲಕ ಮಾಡುವ ವಿಧಾನವಾದರೆ, ಮೂಳೆ ಕೊರೆಯುವ ಬರ್ ಒಂದೇ ಬಾರಿ ಬಳಸುವಂಥದ್ದು, ಅದನ್ನು ಬೇರೆಯೇ ಬಿಲ್ ಮಾಡುವುದುಂಟು.

ಉತ್ತರ: ಕ್ಲೈಮ್ ಕಡತ

ಇನ್ಶೂರೆನ್ಸ್ ಮಾತು ಹೇಳುತ್ತೇನೆ. ಇಲ್ಲಿ ಎಲ್ಲವೂ ಡಾಕ್ಟರ್ ಪತ್ರದ ಮೇಲೆ ನಿಂತಿದೆ. "ಗಂಟು ಇದೆ, ಸರ್ಜರಿಗೆ ಸಲಹೆ" ಎಂಬ ಒಂದು ಸಾಲಿದ್ದರೆ ಅಂದಕ್ಕೆ ಮಾಡಿಸುವುದು ಅಂತ ತಳ್ಳಿಹಾಕಲು ಸುಲಭ. ನೋವು ಎಲ್ಲಿ, ಎಷ್ಟು ನಡೆದರೆ ಬರುತ್ತೆ, ಯಾವ ಕೆಲಸಕ್ಕೆ ಅಡ್ಡಿ, ಚರ್ಮ ಒಡೆದಿದೆಯೇ ಎಂಬುದು ಬರಬೇಕು. ಎರಡೂ ಕೋನ ಅಂಕಿಯಲ್ಲಿ ಬರಬೇಕು. ಅಗಲ ಮೂತಿಯ ಪಾದರಕ್ಷೆ, ಪ್ಯಾಡ್, ಇನ್‌ಸೋಲ್, ನೋವಿನ ಮಾತ್ರೆ ಇವೆಲ್ಲ ತಿಂಗಳುಗಟ್ಟಲೆ ಬಳಸಿಯೂ ಫಲ ಸಿಗಲಿಲ್ಲ ಅನ್ನುವುದು ತಾರೀಖಿನ ಸಮೇತ ಬೇಕು. 3ರಿಂದ 6 ತಿಂಗಳ ದಾಖಲೆ ಕೇಳುವ ಕಂಪನಿಗಳಿವೆ, ಹಳೆಯ ಚೀಟಿ, ಬಿಲ್ ಎಸೆಯಬೇಡಿ.

ಕಾಯಿಲೆಯ ಐಸಿಡಿ-10 (ಕಾಯಿಲೆಗಳ ಅಂತರರಾಷ್ಟ್ರೀಯ ಪಟ್ಟಿ) ಕೋಡ್ ಎಂ20.1. ಪೂರ್ವಾನುಮತಿ ಅರ್ಜಿ, ಆಪರೇಷನ್ ನೋಟ್ಸ್, ಡಿಸ್ಚಾರ್ಜ್ ಸಮ್ಮರಿ, ಬಿಲ್ ನಾಲ್ಕರಲ್ಲೂ ಆಪರೇಷನ್ ಹೆಸರು ಒಂದೇ ಇರಲಿ. ಅರ್ಜಿಯಲ್ಲಿ ಸ್ಕಾರ್ಫ್, ಬಿಲ್‌ನಲ್ಲಿ ಲ್ಯಾಪಿಡಸ್ ಅಂತಾದರೆ ಹಣ ಅಲ್ಲೇ ನಿಲ್ಲುತ್ತೆ. ಥಿಯೇಟರಿನಲ್ಲಿ ಯೋಜನೆ ಬದಲಾದರೆ ಯಾಕೆಂದು ನೋಟ್ಸ್‌ನಲ್ಲಿ ಬರೆಸಿ. ಇಂಪ್ಲಾಂಟ್ ಸ್ಟಿಕರ್ ಮತ್ತು ಇನ್‌ವಾಯ್ಸ್ ಡಿಸ್ಚಾರ್ಜ್ ದಿನವೇ ಪಡೆಯಿರಿ.

ಪಾಲಿಸಿಯಲ್ಲಿ ಓದಬೇಕಾದ್ದು: ಕಾಯುವ ಅವಧಿ (ಪಾಲಿಸಿ ಕೊಂಡ ಮೇಲೆ ಕ್ಲೈಮ್ ಮಾಡಲಾಗದ ಕಾಲ), ಮೊದಲೇ ಇದ್ದ ಕಾಯಿಲೆಯ ನಿಯಮ, ಡೇ ಕೇರ್ (ಅದೇ ದಿನ ಮನೆಗೆ ಕಳಿಸುವುದು) ಒಪ್ಪುತ್ತಾರೆಯೇ, ಕೋ-ಪೇ (ಬಿಲ್‌ನಲ್ಲಿ ನೀವೇ ಕೊಡಬೇಕಾದ ಪಾಲು). ರೂಮ್ ಬಾಡಿಗೆಗೆ ಮಿತಿ ಇದ್ದರೆ ಎಚ್ಚರ. ಮಿತಿ ಮೀರಿದ ರೂಮ್ ತೆಗೆದುಕೊಂಡರೆ ಬಾಡಿಗೆಯ ವ್ಯತ್ಯಾಸ ಮಾತ್ರವಲ್ಲ, ಬಿಲ್‌ನ ಇತರ ಬಾಬ್ತುಗಳನ್ನೂ ಅದೇ ಅನುಪಾತದಲ್ಲಿ ಕಡಿತ ಮಾಡುವ ಪಾಲಿಸಿಗಳಿವೆ. ಗಂಟು ಎಷ್ಟು ವರ್ಷದ್ದು ಅಂತ ಕೇಳಿದರೆ ನಿಜವನ್ನೇ ಹೇಳಿ. ಹಳೆಯ ಚೀಟಿಯಲ್ಲಿ ಬೇರೆ ಇದ್ದರೆ ಇಡೀ ಕ್ಲೈಮ್ ಹೋಗಬಹುದು.

ಪಾದಚಾರಿ

ತುಂಬಾ ಉಪಕಾರ. ಎಕ್ಸ್‌ರೇ ಮಲಗಿಸಿ ತೆಗೆದಿದ್ದರು, ನಡೆಯುತ್ತಾ? ಅಮ್ಮನಿಗೆ ಶುಗರ್ ಇದೆ. ಎಡಗಾಲಲ್ಲೂ ಸ್ವಲ್ಪ ಇದೆ, ಎರಡನ್ನೂ ಒಟ್ಟಿಗೆ ಮಾಡಿಸಿದರೆ ಉಳಿತಾಯವೇ?

ಮೂಳೆವಿಭಾಗ

ಇಲ್ಲ, ನಿಂತು ಭಾರ ಹಾಕಿದ ಎಕ್ಸ್‌ರೇಯೇ ಬೇಕು. ಮಲಗಿದಾಗ ಕೋನ ಕಡಿಮೆ ಕಾಣುತ್ತೆ. ಆಪರೇಷನ್ ಆಯ್ಕೆಯೂ ತಪ್ಪಬಹುದು, ಕ್ಲೈಮ್‌ಗೂ ಪೆಟ್ಟು. ಶುಗರ್‌ಗೆ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಮಾಡಿಸಿ, ಹೆಚ್ಚಿದ್ದರೆ ಮೊದಲು ಇಳಿಸಿ. ಗಾಯಕ್ಕೆ ಸೋಂಕಾದರೆ ಮತ್ತೆ ಅಡ್ಮಿಷನ್, ಖರ್ಚು ಎಲ್ಲಿಗೋ ಹೋಗುತ್ತೆ. ಪಾದದ ರಕ್ತಸಂಚಾರ, ಸ್ಪರ್ಶಜ್ಞಾನ ಪರೀಕ್ಷೆಯನ್ನೂ ಕೇಳಿ ಮಾಡಿಸಿ.

ಎರಡೂ ಕಾಲು ಒಟ್ಟಿಗೆ ಮಾಡಿದರೆ ಅನಸ್ತೇಷಿಯಾ, ರೂಮ್ ಉಳಿಯುತ್ತೆ, ಇಂಪ್ಲಾಂಟ್ ದುಪ್ಪಟ್ಟು. ಎರಡನೇ ಕಾಲಿಗೆ ಕಡಿಮೆ ದರ ಮಾತ್ರ ಒಪ್ಪುವ ಕಂಪನಿಗಳೂ ಇವೆ. ಆದರೆ ಅದಕ್ಕಿಂತ ದೊಡ್ಡ ವಿಷಯ, ಒಳ್ಳೆಯ ಕಾಲಿನ ಆಸರೆಯೇ ಇಲ್ಲದೆ ಅವರು ಬಚ್ಚಲಿಗೆ ಹೋಗುವುದು ಹೇಗೆ? ಎಡಗಾಲು ನೋಯದಿದ್ದರೆ ಅದನ್ನು ಮುಟ್ಟಿಸಬೇಡಿ.

ಉತ್ತರ: ಫಿಜಿಯೋ ಮೇಜು

ಆಮೇಲಿನ ಖರ್ಚನ್ನು ಯಾರೂ ಎಸ್ಟಿಮೇಟ್‌ನಲ್ಲಿ ಬರೆಯುವುದಿಲ್ಲ. ಗಟ್ಟಿ ಅಡಿಯ ವಿಶೇಷ ಶೂ, ವಾಕರ್, ಡ್ರೆಸ್ಸಿಂಗ್ ಸಾಮಾನು ಹಲವು ಪಾಲಿಸಿಗಳಲ್ಲಿ ಕೈಯಿಂದಲೇ. ಹೊಲಿಗೆ ತೆಗೆಯುವುದು ಸುಮಾರು 2 ವಾರಕ್ಕೆ, ಆ ಶೂ ಸುಮಾರು 6 ವಾರ. ಲ್ಯಾಪಿಡಸ್ ಆದರೆ ಮೊದಲ ಕೆಲವು ವಾರ ಭಾರ ಹಾಕಬೇಡಿ ಅನ್ನಬಹುದು, ಆಗ ಮನೆಯಲ್ಲಿ ಜೊತೆಗೆ ಒಬ್ಬರು ಬೇಕೇ ಬೇಕು. ಊತ 6 ತಿಂಗಳವರೆಗೂ ಉಳಿಯಬಹುದು, ಆದ್ದರಿಂದ ಹೊಸ ಪಾದರಕ್ಷೆ ಬೇಗ ಕೊಳ್ಳಬೇಡಿ.

ಡಿಸ್ಚಾರ್ಜ್ ನಂತರದ ಖರ್ಚಿಗೆ ಪಾಲಿಸಿಯಲ್ಲಿ ಎಷ್ಟು ದಿನ ಅಂತ ನೋಡಿ. 6ನೇ ವಾರದ ಎಕ್ಸ್‌ರೇ, ಫಿಜಿಯೋಥೆರಪಿ ಆ ಗಡುವಿನೊಳಗೆ ಬೀಳಲಿ. ಫಿಜಿಯೋಗೆ ಸರ್ಜನ್ ಚೀಟಿ ಇಲ್ಲದ ಬಿಲ್ ವಾಪಸ್ ಬರುತ್ತೆ, ಡಿಸ್ಚಾರ್ಜ್ ಸಮ್ಮರಿಯಲ್ಲೇ ಎಷ್ಟು ಸಿಟ್ಟಿಂಗ್ ಅಂತ ಬರೆಸಿಕೊಳ್ಳಿ.