ಸಹಾಯ ಬೇಕು: ಬೆಟ್ಟದ ಮೇಲೆ ನಡುಮಧ್ಯಾಹ್ನದ ಪೋರ್ಟ್ರೇಟ್

ಎಲ್ಲರಿಗೂ ನಮಸ್ಕಾರ. ನಾನು ಹಾಸನದವನು, ಮದುವೆ ಫೋಟೋ ತೆಗೆಯೋದು ಕಸುಬು. ಈ ಬೇಸಿಗೆಯಲ್ಲಿ ಮಾತ್ರ ಬರೀ ಫ್ಯಾಮಿಲಿ ಶೂಟ್‌ಗಳೇ ಬರ್ತಿವೆ. ಮಕ್ಕಳಿಗೆ ರಜೆ, ಎಲ್ಲರಿಗೂ ಮುಳ್ಳಯ್ಯನಗಿರಿಯೇ ಬೇಕು.

ನಾನು ಬೆಳಿಗ್ಗೆ ಆರೂವರೆಗೆ ಬನ್ನಿ ಅಂತೀನಿ. ಅವರು ಚಿಕ್ಕಮಗಳೂರಲ್ಲಿ ದೋಸೆ ತಿಂದು, ದಾರಿಯಲ್ಲಿ ಸೀತಾಳಯ್ಯನಗಿರಿ ನೋಡಿ, ಮೇಲೆ ಬರೋ ಹೊತ್ತಿಗೆ ಹನ್ನೊಂದೂವರೆ! ಸುಮಾರು 1,930 ಮೀಟರ್ ಎತ್ತರ, ಒಂದು ಮರದ ನೆರಳಿಲ್ಲ. ನೆತ್ತಿ ಮೇಲೆ ಸೂರ್ಯ, ಎಲ್ಲರ ಕಣ್ಣ ಕೆಳಗೂ ಕಪ್ಪು. ಕಳೆದ ವಾರ ಒಬ್ಬ ಅಜ್ಜಿ ಫೋಟೋ ನೋಡಿ "ನನಗೆ ಹುಷಾರಿಲ್ವೇನಪ್ಪಾ?" ಅಂದರು.

ಬೆನ್ನಿಗೆ ಬಿಸಿಲು ಬೀಳೋ ಹಾಗೆ ನಿಲ್ಲಿಸಿ ಫ್ಲ್ಯಾಶ್ ಹೊಡೆದು ನೋಡಿದೆ. ನನ್ನ ಕ್ಯಾಮೆರಾದ ಸಿಂಕ್ (ಫ್ಲ್ಯಾಶ್ ಜೊತೆ ಬಳಸಬಹುದಾದ ಅತಿ ವೇಗದ ಶಟರ್) 1/200 ಸೆಕೆಂಡ್. ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 100ರಲ್ಲೂ ಲೆನ್ಸ್ ಕಿಂಡಿ ಕಿರಿದು ಮಾಡಿ ಎಫ್/11ಕ್ಕೆ ಹೋಗಬೇಕು, ಹಿಂದಿನ ಬೆಟ್ಟಸಾಲು ಮಸುಕಾಗೋದೇ ಇಲ್ಲ. ಕಿಂಡಿ ಅಗಲ ಮಾಡಿ ಎಫ್/2ರಲ್ಲಿ ತೆಗೆಯೋಕೆ ಐದು ಸ್ಟಾಪ್ (ಒಂದೊಂದು ಸ್ಟಾಪ್‌ಗೂ ಬೆಳಕು ಅರ್ಧಕ್ಕರ್ಧ) ಬೆಳಕು ಇಳಿಸಬೇಕು. ಹೈ ಸ್ಪೀಡ್ ಸಿಂಕ್ (1/200ಕ್ಕಿಂತ ವೇಗದ ಶಟರ್‌ನಲ್ಲೂ ಫ್ಲ್ಯಾಶ್ ಹೊಡೆಯೋ ವಿಧಾನ) ಹಾಕಿದರೆ ನನ್ನ ಚಿಕ್ಕ ಫ್ಲ್ಯಾಶ್‌ಗೆ ಶಕ್ತಿ ಸಾಲಲ್ಲ.

ಎನ್‌ಡಿ 32 ಫಿಲ್ಟರ್ (ಐದು ಸ್ಟಾಪ್ ಬೆಳಕು ತಗ್ಗಿಸೋ ಕಪ್ಪು ಗಾಜು) ತಗೊಳ್ಳಲಾ, ದೊಡ್ಡ ಬ್ಯಾಟರಿ ಲೈಟ್ ಬಾಡಿಗೆಗೆ ತರಲಾ? ಎನ್‌ಡಿ ಹಾಕಿದರೆ ಆಟೋಫೋಕಸ್ ತಡವರಿಸುತ್ತಾ? ಬಿಳಿ ಬಟ್ಟೆ ಅಡ್ಡ ಹಿಡಿಯೋ ಉಪಾಯ ಹೇಳಬೇಡಿ, ಅಲ್ಲಿನ ಗಾಳಿಗೆ ಹಿಡಿದವನೇ ಹಾರಿಹೋಗ್ತಾನೆ.

ಭಾನುವಾರ ಒಂಬತ್ತು ಜನರ ಕುಟುಂಬ ಬರ್ತಿದೆ. ಅಷ್ಟರೊಳಗೆ ಅನುಭವ ಇರೋರು ದಯವಿಟ್ಟು ಹೇಳಿ.